ಸಹಾಯ ಬೇಕು: ಫ್ಯಾಸ್ಮೋಫೋಬಿಯಾದಲ್ಲಿ ಅವಿತುಕೊಳ್ಳಬೇಕಾ, ಸುತ್ತಬೇಕಾ?

ದೆವ್ವ ಹುಡುಕಿ ಅದು ಯಾವ ಬಗೆಯದು ಅಂತ ಗುರುತಿಸೋ ವಿಡಿಯೋ ಗೇಮ್ ಫ್ಯಾಸ್ಮೋಫೋಬಿಯಾ ಆಡೋರು ಇದ್ದರೆ ಸ್ವಲ್ಪ ಹೇಳಿ. ಮಾಮೂಲಿ ದೆವ್ವ ಸೆಕೆಂಡಿಗೆ 1.7 ಮೀಟರ್ ನಡೆಯುತ್ತೆ, ಹೇಗೋ ಬಚಾವಾಗಬಹುದು. ತಲೆನೋವು ರೆವೆನೆಂಟ್ ಮತ್ತು ಡಿಯೋಜೆನ್ ಅನ್ನೋ ಎರಡು ಬಗೆಯ ದೆವ್ವಗಳು ಮಾತ್ರ, ಎರಡೂ 3 ಮೀಟರ್ ವೇಗದಲ್ಲಿ ದಬದಬ ಅಂತ ಬರುತ್ತವೆ. ರೆವೆನೆಂಟ್ ಆದರೆ ಕಣ್ಣಿಗೆ ಬೀಳದೆ ಕಪಾಟಿನಲ್ಲಿ ಕೂತರೆ ಸಾಕು, 1 ಮೀಟರಿಗೆ ಇಳಿಯುತ್ತೆ. ಡಿಯೋಜೆನ್‌ಗೆ ನಾವೆಲ್ಲಿದ್ದರೂ ಗೊತ್ತು, ಕಪಾಟಿಗೆ ಹೋದರೆ ಕತೆ ಮುಗೀತು. ಆದರೆ ಹತ್ತಿರ ಬಂದಾಗ ಅದು 0.4ಕ್ಕೆ ಇಳಿಯುತ್ತೆ, ಮೇಜು ಸುತ್ತುತ್ತಾ ಇದ್ದರೆ ಆಯ್ತು. ಧೂಪ ಹಚ್ಚಿ ನೋಡಿದೆ. ಆಟದಲ್ಲಿರೋ ಟ್ಯಾಂಗಲ್‌ವುಡ್ ಮನೆಯಲ್ಲಿ ಮೇಜಿನ ಪಕ್ಕ ಕಾದೂ ನೋಡಿದೆ, ಬಂದಿದ್ದು ರೆವೆನೆಂಟ್. ಗೆಳೆಯ ವ್ಯಾನಲ್ಲಿ ಕೂತು ನಗ್ತಾ ಇದ್ದ, ಅದು ಬೇರೆ ವಿಷಯ. ಯಾವ ದೆವ್ವ ಅಂತ ತಿಳಿಸೋ ಸಾಕ್ಷ್ಯ ಒಂದೂ ಸಿಗದೆ, ಬರೀ ಜೋರು ಹೆಜ್ಜೆ ಸದ್ದು ಕೇಳಿಸುವಾಗ, ಅದು ನನ್ನನ್ನು ಕಂಡ ರೆವೆನೆಂಟಾ, ಇಲ್ಲ ಡಿಯೋಜೆನ್ನಾ ಅಂತ ಹತ್ತಿರ ಬರೋ ಮೊದಲೇ ಹೇಗೆ ಗುರುತಿಸ್ತೀರಿ?