ಬೆಳಗ್ಗೆ ಮಾತ್ರ ಹಿಂಭಾಗ ಜಾರುತ್ತದೆ, ಮಧ್ಯಾಹ್ನ ಸರಿ. ಡಿಫರೆನ್ಷಿಯಲ್ ಹೋಗಿದೆಯಾ?

ನಾಲ್ಕನೇಗೇರ್:
ಎಲ್ಲರಿಗೂ ನಮಸ್ಕಾರ. ಬೇಸಿಗೆಯಲ್ಲಿ ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ. ರಿಯರ್ ವೀಲ್ ಡ್ರೈವ್, 450 ಎಚ್‌ಪಿ, ಆಟೋಮ್ಯಾಟಿಕ್, ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಕ್ಕೆ ಬಲ ಹಂಚುವ, ಒಂದೇ ಚಕ್ರ ಸುಮ್ಮನೆ ಸುತ್ತದಂತೆ ತಡೆಯುವ ಗೇರ್ ಜೋಡಣೆ) ಇದೆ. ಮುಂದೆ 255, ಹಿಂದೆ 275 ಮಿ.ಮೀ. ಅಗಲದ ಸಮ್ಮರ್ ಟೈರು. ಇಷ್ಟು ದಿನ ಒಂದು ದೂರೂ ಇರಲಿಲ್ಲ. ಚಳಿ ಶುರುವಾದ ಮೇಲೆ ಮೂರು ತೊಂದರೆ.

ಬೆಳಗ್ಗೆ ಮೊದಲ ತಿರುವಿನಲ್ಲಿ ಆಕ್ಸಿಲರೇಟರ್ ಸ್ವಲ್ಪ ಒತ್ತಿದರೂ ಟ್ರ್ಯಾಕ್ಷನ್ ಕಂಟ್ರೋಲ್ (ಚಕ್ರ ಜಾರದಂತೆ ತಡೆಯುವ ವ್ಯವಸ್ಥೆ) ದೀಪ ಮಿನುಗುತ್ತದೆ, ಹಿಂಭಾಗ ಪಕ್ಕಕ್ಕೆ ಸರಿಯುತ್ತದೆ. ರಸ್ತೆ ಒಣಗಿಯೇ ಇರುತ್ತದೆ! ಪಾರ್ಕಿಂಗ್‌ನಿಂದ ರಿವರ್ಸ್ ತೆಗೆಯುವಾಗ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಕಟಕಟ ಅಂತ ಕುಪ್ಪಳಿಸುತ್ತದೆ. ಹೊರಟ ಮೊದಲ ಒಂದೆರಡು ಕಿಲೋಮೀಟರ್ ಸೀಟಿನ ಕೆಳಗೆ ದಬದಬ ಸದ್ದು.

ಒಂದು ವರ್ಕ್‌ಶಾಪ್‌ನಲ್ಲಿ ತೋರಿಸಿದೆ. ಡಿಫರೆನ್ಷಿಯಲ್ ಹೋಗಿದೆ, ಬದಲಿಸಬೇಕು ಅಂದರು. ಬದಲಿಸಲಾ?

ರಬ್ಬರ್‌ರಾಯ:
ಈಗಲೇ ಒಪ್ಪಬೇಡಿ. ಬೆಳಗ್ಗೆ ಎಷ್ಟು ಡಿಗ್ರಿ ಇರುತ್ತದೆ? ಟೈರಿನ ಗಾಳಿ ಎಷ್ಟಿದೆ? ಟೈರಿನ ತೋಡುಗಳ ಆಳ ಎಷ್ಟು ಮಿಲಿಮೀಟರ್ ಉಳಿದಿದೆ? ಟೈರಿನ ಪಕ್ಕದಲ್ಲಿ ಡಾಟ್ ಅಂತ ಬರೆದ ಸಾಲಿನ ಕೊನೆಯ ನಾಲ್ಕು ಅಂಕಿ ಹೇಳಿ. ಮಧ್ಯಾಹ್ನ ಹೇಗಿರುತ್ತದೆ?

ನಾಲ್ಕನೇಗೇರ್:
ನಿನ್ನೆ ಬೆಳಗ್ಗೆ 3 ಡಿಗ್ರಿ. ಗಾಳಿ 36 ಪಿಎಸ್‌ಐ ತುಂಬಿಸಿದ್ದೆ, ಈಗ 31 ತೋರಿಸುತ್ತಿದೆ. ಎಲ್ಲೋ ಸೋರುತ್ತಿದೆ ಅನ್ನಿಸುತ್ತದೆ. ಮುಂದೆ 6 ಮಿ.ಮೀ., ಹಿಂದೆ 3 ಮಿ.ಮೀ. ಕೋಡ್ 2219. ಮಧ್ಯಾಹ್ನ 14 ಡಿಗ್ರಿ ಬಿಸಿಲಿನಲ್ಲಿ ಏನೂ ಇಲ್ಲ, ಹಳೇ ಕಾರೇ ವಾಪಸ್ ಬಂದ ಹಾಗಿರುತ್ತದೆ.

ಸ್ಪ್ಯಾನರ್‌ಸಿದ್ದ:
ಉತ್ತರ ನಿಮ್ಮ ಕೊನೆಯ ಸಾಲಿನಲ್ಲೇ ಇದೆ. ಡಿಫರೆನ್ಷಿಯಲ್ ಹಾಳಾಗಿದ್ದರೆ ಮಧ್ಯಾಹ್ನ ರಿಪೇರಿಯಾಗಿ ಮರುದಿನ ಬೆಳಗ್ಗೆ ಮತ್ತೆ ಕೆಡುತ್ತಿರಲಿಲ್ಲ, ಅಲ್ವಾ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಗುತ್ತದೆ.

ಗಾಳಿ ಸೋರುತ್ತಿಲ್ಲ. ಸುಮಾರು 5.5 ಡಿಗ್ರಿ ಇಳಿದರೆ 1 ಪಿಎಸ್‌ಐ ಇಳಿಯುತ್ತದೆ. 30 ಡಿಗ್ರಿಯಲ್ಲಿ 36 ತುಂಬಿಸಿದ್ದರೆ 3 ಡಿಗ್ರಿಯಲ್ಲಿ 31 ಬರಲೇಬೇಕು. ಗಾಡಿ ಓಡಿಸುವ ಮೊದಲು, ಟೈರು ತಣ್ಣಗಿರುವಾಗಲೇ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವಷ್ಟು ತುಂಬಿಸಿ. ದಬದಬ ಸದ್ದಿಗೂ ಚಳಿಯೇ ಕಾರಣ. ರಾತ್ರಿಯಿಡೀ ಭಾರ ಹೊತ್ತು ನಿಂತ ಟೈರಿನ ತಳ ಚಪ್ಪಟೆಯಾಗಿರುತ್ತದೆ. ಬಿಸಿಯಾದ ಮೇಲೆ ಗುಂಡಗಾಗುತ್ತದೆ, ಸದ್ದು ನಿಲ್ಲುತ್ತದೆ.

ಇನ್ನು ಜಾರುವುದು. ಸಮ್ಮರ್ ಟೈರಿನ ರಬ್ಬರ್ ಬಿಸಿ ರಸ್ತೆಗಾಗಿ ಬೆರೆಸಿದ್ದು. ಸುಮಾರು 7 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಟೈರು ರಸ್ತೆ ಹಿಡಿಯುವುದು ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಗೆ ರಬ್ಬರ್ ಇಳಿದು ಕೂರುವುದರಿಂದ. ಗಟ್ಟಿಯಾದ ರಬ್ಬರ್ ಇಳಿಯುವುದಿಲ್ಲ, ಮೇಲೆಮೇಲೇ ಸಾಗುತ್ತದೆ. ಹಾಗಾಗಿ ಒಣ ರಸ್ತೆಯಲ್ಲೂ ಜಾರುತ್ತದೆ. 7 ಅನ್ನುವುದು ಸ್ವಿಚ್ ಅಲ್ಲ. 9ರಲ್ಲಿ ಪೂರ್ತಿ ಸರಿ, 6ರಲ್ಲಿ ಪೂರ್ತಿ ಹಾಳು ಅಂತ ತಿಳಿಯಬೇಡಿ. ಹಿಡಿತ ನಿಧಾನವಾಗಿ ಕಮ್ಮಿಯಾಗುತ್ತಾ ಹೋಗುತ್ತದೆ.

ಮುಂದಿನ ಚಕ್ರ ಎಳೆಯುವ ಸಣ್ಣ ಕಾರಿಗೂ ಇದೇ ಕಷ್ಟ. ಆದರೆ ಅದು ಸುಮ್ನೆ ನೇರಕ್ಕೆ ಹೋಗುತ್ತದೆ, ನಿಮ್ಮದು ಬಾಲ ಬೀಸುತ್ತದೆ. ಜೊತೆಗೆ ಲಿಮಿಟೆಡ್ ಸ್ಲಿಪ್ ಬೇರೆ. ಸಾಮಾನ್ಯ ಡಿಫರೆನ್ಷಿಯಲ್ ಇದ್ದರೆ ಒಳಗಿನ ಚಕ್ರ ಒಂದೇ ಸುತ್ತುತ್ತದೆ, ಹೊರಗಿನದು ಕಾರನ್ನು ಹಿಡಿದಿಟ್ಟುಕೊಳ್ಳುತ್ತದೆ. ನಿಮ್ಮದರಲ್ಲಿ ಎರಡೂ ಒಟ್ಟಿಗೆ ಸುತ್ತುತ್ತವೆ. ಹಿಡಿಯುವವರೇ ಇಲ್ಲ.

ಕಟಕಟಕ್ಕೆ ಮಾತ್ರ ಒಂದು ಪರೀಕ್ಷೆ ಮಾಡಿ. ಅದು ಎರಡು ಕಡೆಯಿಂದ ಬರಬಹುದು. ಸ್ಟೀರಿಂಗ್ ಪೂರ್ತಿ ತಿರುಗಿದಾಗ ಮುಂದಿನ ಎರಡು ಚಕ್ರಗಳು ಬೇರೆಬೇರೆ ವೃತ್ತದಲ್ಲಿ ಸುತ್ತಬೇಕು. ಇಂಥ ಕಾರುಗಳಲ್ಲಿ ಆ ಕೋನ ಪೂರ್ತಿ ಹೊಂದುವುದಿಲ್ಲ. ಬಿಸಿ ರಬ್ಬರ್ ಬಳುಕಿ ಸರಿದೂಗಿಸುತ್ತದೆ. ತಣ್ಣನೆಯದು ಬಳುಕದೆ ಸೆಟೆದುಕೊಂಡು, ತಡೆಯಲಾಗದೆ ಹಾರುತ್ತದೆ. ಅದು ಮುಂದಿನಿಂದ. ಲಿಮಿಟೆಡ್ ಸ್ಲಿಪ್‌ನ ಕ್ಲಚ್ ಪ್ಲೇಟು ಸವೆದಿದ್ದರೆ, ಎಣ್ಣೆ ಹಳೆಯದಾಗಿದ್ದರೆ ಸದ್ದು ಹಿಂದಿನಿಂದ ಬರುತ್ತದೆ, ಮಧ್ಯಾಹ್ನವೂ ಬರುತ್ತದೆ. ಯಾರನ್ನಾದರೂ ಹೊರಗೆ ನಿಲ್ಲಿಸಿ ಮುಂದಿನ ಟೈರು ನೋಡಲು ಹೇಳಿ. ಆಮೇಲೆ ಅದೇ ಜಾಗಕ್ಕೆ ಎರಡು ಬಕೆಟ್ ನೀರು ಸುರಿದು ಮತ್ತೆ ತಿರುಗಿಸಿ. ಒದ್ದೆ ನೆಲದಲ್ಲಿ ಟೈರು ಹಾರದೆ ನುಣ್ಣಗೆ ಜಾರುತ್ತದೆ, ಹಾಗಾಗಿ ಕುಪ್ಪಳಿಕೆ ಕಮ್ಮಿಯಾದರೆ ಅದು ಟೈರೇ.

ಬಾಲಬೀಸು:
ಇಷ್ಟೆಲ್ಲಾ ಯಾಕೆ? ಹೊರಟ ತಕ್ಷಣ ಎಡಕ್ಕೂ ಬಲಕ್ಕೂ ಸ್ಟೀರಿಂಗ್ ಆಡಿಸಿ ಟೈರು ಬಿಸಿ ಮಾಡಿಕೊಳ್ಳಿ. ರೇಸ್‌ನಲ್ಲಿ ಮಾಡುತ್ತಾರಲ್ಲ.

ಸ್ಪ್ಯಾನರ್‌ಸಿದ್ದ:
ರೇಸ್‌ನಲ್ಲಿ ಎದುರಿನಿಂದ ಲಾರಿ ಬರುವುದಿಲ್ಲ ಮಾರಾಯರೇ. ಟೈರು ಬಿಸಿಯಾಗುವುದು ಬಹಳಮಟ್ಟಿಗೆ ಅದರ ಮೈ ಉರುಳುತ್ತಾ ಬಾಗಿ ಏಳುವುದರಿಂದ. ಅದಕ್ಕೆ ಸಮಯ ಬೇಕು. ಬಿಸಿಯಾದದ್ದೂ ಸಿಗ್ನಲ್‌ನಲ್ಲಿ ನಿಂತರೆ ಆರಿಹೋಗುತ್ತದೆ.

ನಾಲ್ಕನೇಗೇರ್:
ಬಕೆಟ್ ಪರೀಕ್ಷೆ ಮಾಡಿದೆ. ಒಣ ನೆಲದಲ್ಲಿ ಮುಂದಿನ ಬಲಗಡೆ ಟೈರು ಕಣ್ಣಿಗೆ ಕಾಣುವ ಹಾಗೆ ಹಾರಿತು. ನೀರು ಸುರಿದ ಮೇಲೆ ಸದ್ದೇ ಇಲ್ಲ! ಹಾಗಾದರೆ ಜಾರುವುದು ಹಿಂದೆ ತಾನೇ, ಹಿಂದೆ ಎರಡು ಮಾತ್ರ ವಿಂಟರ್ ಟೈರು ಹಾಕಿದರೆ ಸಾಕಲ್ವಾ?

ರಬ್ಬರ್‌ರಾಯ:
ಸಾಲದು. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಬರುತ್ತದೆ, ಹೆಚ್ಚಿನ ಕೆಲಸ ಮಾಡುವುದು ಮುಂದಿನ ಟೈರು. ಹೊರಡಲು ಹಿಡಿತ ಸಿಕ್ಕಿ, ನಿಲ್ಲಲು, ತಿರುಗಲು ಸಿಗದಿದ್ದರೆ ಏನು ಬಂತು? ನಾಲ್ಕೂ ಹಾಕಿ. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು, ಆ ಗುರುತು ನೋಡಿಕೊಂಡು ತಗೊಳ್ಳಿ. ಎಂ ಪ್ಲಸ್ ಎಸ್ (ಕೆಸರು ಮತ್ತು ಹಿಮ) ಅಂತ ಮಾತ್ರ ಇದ್ದರೆ, ಬೆಟ್ಟದ ಗುರುತಿಗೆ ಬೇಕಾದ ಹಿಮದ ಪರೀಕ್ಷೆ ಪಾಸಾಗಿದೆ ಅಂತ ಅರ್ಥ ಅಲ್ಲ. ಒಂದು ಇಂಚು ಸಣ್ಣ ರಿಮ್ ತಗೊಂಡರೆ ಒಳ್ಳೆಯದು, ಬ್ರೇಕ್ ಡಿಸ್ಕ್ ಹಿಡಿಯುವ ಕ್ಯಾಲಿಪರ್‌ಗೆ ತಾಗುವುದಿಲ್ಲ ಅಂತ ಮೊದಲು ಖಚಿತ ಮಾಡಿಕೊಳ್ಳಿ.

2219 ಅಂದರೆ 2019ರ 22ನೇ ವಾರದಲ್ಲಿ ತಯಾರಾದದ್ದು. ವಯಸ್ಸೂ ಆಗಿದೆ, ಸವೆದೂ ಇದೆ. ಹಿಂದಿನ ಜೋಡಿಯನ್ನು ಬೇಸಿಗೆಗೂ ಮತ್ತೆ ಹಾಕಬೇಡಿ ಅನ್ನುತ್ತೇನೆ.

ನಾಲ್ಕನೇಗೇರ್:
ಟೈರು ಬರಲು ಒಂದು ವಾರ ಆಗುತ್ತದೆ. ಅಲ್ಲಿಯವರೆಗೆ?

ಸ್ಪ್ಯಾನರ್‌ಸಿದ್ದ:
ಆದಷ್ಟು ಮಧ್ಯಾಹ್ನವೇ ಕಾರು ತೆಗೆಯಿರಿ. ಹಿಮ, ಮಂಜುಗಡ್ಡೆ ಇದ್ದರೆ ತೆಗೆಯಲೇಬೇಡಿ. ಹಿಮದ ಮೋಡ್ ಇದ್ದರೆ ಹಾಕಿಕೊಳ್ಳಿ, ಆಕ್ಸಿಲರೇಟರ್ ಮೆತ್ತಗಾಗುತ್ತದೆ. ಟ್ರ್ಯಾಕ್ಷನ್ ಕಂಟ್ರೋಲ್ ಆರಿಸುವ ಬಟನ್ ಮುಟ್ಟಬೇಡಿ. ಚಕ್ರ ನೇರವಾದ ಮೇಲೆ ಮಾತ್ರ ಆಕ್ಸಿಲರೇಟರ್ ಒತ್ತಿ. ಮುಂದಿನ ಗಾಡಿಗೆ ಎಂದಿಗಿಂತ ಜಾಸ್ತಿ ಅಂತರ ಬಿಡಿ. ಸೇತುವೆಗೆ ಮೇಲೂ ಕೆಳಗೂ ಗಾಳಿ ತಗಲುವುದರಿಂದ ಅದು ಬೇರೆ ರಸ್ತೆಗಿಂತ ಮೊದಲು ಹೆಪ್ಪುಗಟ್ಟುತ್ತದೆ, ಅದರ ಮೇಲೆ ವೇಗ ಬದಲಿಸಬೇಡಿ.

ಹಿಂಭಾಗ ಸರಿದರೆ ಗಾಬರಿಯಲ್ಲಿ ಕಾಲು ಪೂರ್ತಿ ಎತ್ತಬೇಡಿ. ಭಾರ ಮುಂದಕ್ಕೆ ಬಿದ್ದು ಹಿಂದಿನ ಚಕ್ರ ಇನ್ನೂ ಹಗುರಾಗುತ್ತದೆ. ಮೆಲ್ಲಗೆ ಸಡಿಲಿಸಿ, ಎಲ್ಲಿಗೆ ಹೋಗಬೇಕೋ ಅಲ್ಲಿ ನೋಡುತ್ತಾ ಸ್ಟೀರಿಂಗ್ ಅತ್ತಲೇ ತಿರುಗಿಸಿ. ಕಾರು ನೇರವಾಗುತ್ತಿದ್ದಂತೆ ಸ್ಟೀರಿಂಗ್ ವಾಪಸ್ ತರುವುದನ್ನು ಮರೆಯಬೇಡಿ. ಮರೆತರೆ ಇನ್ನೊಂದು ಕಡೆಗೆ ಬೀಸುತ್ತದೆ, ಮೊದಲಿಗಿಂತ ಜೋರಾಗಿ.

ರಾತ್ರಿ ಸೊನ್ನೆಗಿಂತ 7-8 ಡಿಗ್ರಿ ಕೆಳಗೆ ಹೋಗುವ ಹಾಗಿದ್ದರೆ ಕಾರು ಒಳಗೆ ನಿಲ್ಲಿಸಿ. ಅಷ್ಟು ಹೆಪ್ಪುಗಟ್ಟಿದ ಸಮ್ಮರ್ ಟೈರನ್ನು ಉರುಳಿಸಿದರೆ ರಬ್ಬರ್ ಬಿರುಕು ಬಿಡಬಹುದು. ಹಲವು ತಯಾರಕರೇ ಹೀಗೆ ಎಚ್ಚರಿಸುತ್ತಾರೆ.

ನಾಲ್ಕನೇಗೇರ್:
ಹತ್ತು ದಿನದ ನಂತರ ಬರೆಯುತ್ತಿದ್ದೇನೆ. ನಾಲ್ಕೂ ವಿಂಟರ್ ಟೈರು, ರಿಮ್ ಸಮೇತ ಬದಲಿಸಿದೆ. ಹಾಕುವ ಮೊದಲು ಗ್ಯಾರೇಜಿನ ಚಳಿಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ಉಗುರಿನಿಂದ ಒತ್ತಿದೆ. ಹೊಸದರಲ್ಲಿ ಉಗುರಿನ ಗುರುತು ಮೂಡಿ ಮಾಯವಾಯಿತು. ಹಳೆಯದರಲ್ಲಿ ಉಗುರೇ ಮಡಚಿಕೊಂಡಿತು.

ಇವತ್ತು ಬೆಳಗ್ಗೆ 1 ಡಿಗ್ರಿ. ಅದೇ ತಿರುವು, ದೀಪ ಮಿನುಗಲಿಲ್ಲ. ಕಟಕಟವೂ ಇಲ್ಲ. ಸ್ಟೀರಿಂಗ್ ಸ್ವಲ್ಪ ಸೋಮಾರಿ ಆಗಿದೆ, ಪರವಾಗಿಲ್ಲ. ಡಿಫರೆನ್ಷಿಯಲ್ ಎಣ್ಣೆ ಮಾತ್ರ ಬದಲಿಸಿದೆ. ಒಂದೇ ಹೊಸ ತಲೆನೋವು: ಟೈರ್ ಪ್ರೆಶರ್ ದೀಪ ಆರುತ್ತಲೇ ಇಲ್ಲ, ಗಾಳಿ ಸರಿಯಾಗಿದೆ.

ಸ್ಪ್ಯಾನರ್‌ಸಿದ್ದ:
ಹೊಸ ರಿಮ್‌ಗಳಿಗೆ ಸೆನ್ಸರ್ ಹಾಕಿಸಿದ್ದೀರಾ?

ನಾಲ್ಕನೇಗೇರ್:
...ಇಲ್ಲ.