ಸ್ಟೆಮ್ ಸೆಲ್ ಪೇಸ್‌ಮೇಕರ್ ಬರುತ್ತೆ ಅಂತ ಬ್ಯಾಟರಿ ಬದಲಿಸುವುದನ್ನು ಮುಂದೂಡಬಹುದಾ?

ಮಲೆನಾಡಿನ ಮಗಳು:
ಅಪ್ಪನಿಗೆ 71 ವರ್ಷ. ಒಂಬತ್ತು ವರ್ಷದ ಹಿಂದೆ ತೋಟದಲ್ಲಿ ಅಡಿಕೆ ಹೆಕ್ಕುತ್ತಿದ್ದಾಗ ಕಣ್ಣು ಕತ್ತಲೆ ಬಂದು ಬಿದ್ದರು. ಕಂಪ್ಲೀಟ್ ಹಾರ್ಟ್ ಬ್ಲಾಕ್ ಅಂದರು, ಅಂದರೆ ಹೃದಯದ ಮೇಲಿನ ಕೋಣೆಯ ಮಿಡಿತದ ಸಂಕೇತ ಕೆಳಗಿನ ಕೋಣೆಗೆ ತಲುಪುವುದೇ ಇಲ್ಲವಂತೆ. ಪೇಸ್‌ಮೇಕರ್ ಹಾಕಿದರು. ಈಗ ಬ್ಯಾಟರಿ ಮುಗಿಯುತ್ತಾ ಬಂದಿದೆ, ಮೂರು ತಿಂಗಳೊಳಗೆ ಬದಲಿಸಿ ಎಂದಿದ್ದಾರೆ. ಅಪ್ಪ ಒಪ್ಪುತ್ತಿಲ್ಲ. "ಸ್ಟೆಮ್ ಸೆಲ್ ಇಂಜೆಕ್ಷನ್ ಬಂದಿದೆಯಂತೆ, ಮತ್ತೆ ಯಾಕೆ ಕುಯ್ಯಿಸಿಕೊಳ್ಳಲಿ" ಅಂತಾರೆ. ವಾಟ್ಸ್ಆ್ಯಪ್‌ನಲ್ಲಿ ವೀಡಿಯೊ ನೋಡಿದ್ದಾರೆ. ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದರೆ ಮುಂಗಡ ಕಟ್ಟಿ ಅಂದರು. ಇದು ನಿಜಾನಾ?

ಪೇಸಿಂಗ್ ಟೆಕ್ನಿಷಿಯನ್:
ಮೇಡಂ, ದಯವಿಟ್ಟು ಕಾಯಬೇಡಿ. ಪೇಸ್‌ಮೇಕರ್ ಚೆಕ್ ಮಾಡುವುದೇ ನನ್ನ ಕೆಲಸ, 16 ವರ್ಷ ಆಯಿತು. ಕಂಪ್ಲೀಟ್ ಬ್ಲಾಕ್ ಇರುವ ಎಷ್ಟೋ ಜನರಿಗೆ ಪ್ರತಿ ಬಡಿತವೂ ಆ ಪೆಟ್ಟಿಗೆಯಿಂದಲೇ ಬರಬೇಕು. ಪರೀಕ್ಷೆಗೆಂದು ಅದರ ವೇಗ ಸ್ವಲ್ಪ ತಗ್ಗಿಸಿದರೂ ಕೆಲವರಿಗೆ ತಲೆ ಸುತ್ತುತ್ತದೆ.

ವೀಡಿಯೊ ಪೂರ್ತಿ ಸುಳ್ಳಿರಲಿಕ್ಕಿಲ್ಲ. ಹೃದಯದ ಬಲ ಮೇಲಿನ ಕೋಣೆಯಲ್ಲಿ ಸೈನಸ್ ನೋಡ್ ಅಂತ ಪುಟ್ಟ ಜಾಗ ಇದೆ. ಅಲ್ಲಿನ ಕೋಶಗಳು ತಾವಾಗಿಯೇ ಮಿಡಿಯುತ್ತವೆ. ಅಂಥವನ್ನು ಬೇರೆ ಬೇರೆ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶದಿಂದ, ಅಂದರೆ ಸ್ಟೆಮ್ ಸೆಲ್‌ನಿಂದ ಬೆಳೆಸುವ ಪ್ರಯತ್ನ ನಡೆದಿದೆ. 2004ರಲ್ಲಿ ಇಸ್ರೇಲಿನ ಹೈಫಾದಲ್ಲಿ ಲಿಯೋರ್ ಗೆಪ್‌ಸ್ಟೈನ್ ತಂಡ ಹೀಗೆ ಬೆಳೆಸಿದ ಹೃದಯದ ಕೋಶಗಳನ್ನು ಬ್ಲಾಕ್ ಇದ್ದ ಹಂದಿಗಳಿಗೆ ಹಾಕಿತು. ಬಡಿತ ಆ ಕೋಶಗಳಿಂದ ಹೊರಟಿತು. ಟೊರಾಂಟೋದ ಗಾರ್ಡನ್ ಕೆಲ್ಲರ್ ತಂಡ ಮೂರೇ ವಾರದಲ್ಲಿ ಸೈನಸ್ ನೋಡ್‌ನಂಥ ಕೋಶಗಳನ್ನೇ ಬೆಳೆಸಿ, ಇಲಿಗಳಲ್ಲಿ ಪರೀಕ್ಷಿಸಿತು. ಅದು 2016ರ ಕೊನೆಯ ಸುದ್ದಿ. ಓದಿದ ರಾತ್ರಿ ನನಗೆ ಖುಷಿಗೆ ನಿದ್ದೆ ಬರಲಿಲ್ಲ.

ಆದರೆ ಅವು ಹಂದಿ, ಇಲಿ. ಮನುಷ್ಯರಲ್ಲಿ ಕೋಶಗಳು ವರ್ಷಗಟ್ಟಲೆ ಉಳಿಯಬೇಕು. ದೇಹ ಅವನ್ನು ಹೊರಗಿನವು ಅಂತ ಕೊಲ್ಲಬಾರದು. ಗೆಡ್ಡೆ ಆಗಬಾರದು. ಅಡ್ಡಾದಿಡ್ಡಿ ಬಡಿತ ಹುಟ್ಟಬಾರದು, ನನಗೆ ಜಾಸ್ತಿ ಭಯ ಇದರದ್ದೇ. ಯಂತ್ರದ ವೇಗ ತಪ್ಪಿದರೆ ಹೊರಗಿನಿಂದಲೇ ಸರಿ ಮಾಡುತ್ತೇನೆ. ಒಳಗೆ ಬೆರೆತ ಕೋಶವನ್ನು ಹೇಗೆ ತೆಗೆಯೋದು?

ಮುಂಗಡ ಖಂಡಿತ ಕಟ್ಟಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಇಂಥದ್ದನ್ನು ಒಪ್ಪಿಗೆ ಪಡೆದ ಪ್ರಯೋಗದ ಹೊರಗೆ ಕೊಡುವ ಹಾಗಿಲ್ಲ. ಅಪ್ಪನಿಗೆ ಹೇಳಿ, ಈ ಸಲ ಸಾಮಾನ್ಯವಾಗಿ ಪೆಟ್ಟಿಗೆ ಮಾತ್ರ ಬದಲಿಸುತ್ತಾರೆ. ಪೆಟ್ಟಿಗೆಯಿಂದ ಹೃದಯಕ್ಕೆ ಹೋಗುವ ಹಳೆಯ ವೈರ್ ಚೆನ್ನಾಗಿದ್ದರೆ ಅದನ್ನೇ ಜೋಡಿಸುತ್ತಾರೆ.

ಪುಟ್ಟಿಯ ಅಮ್ಮ:
ನನ್ನ ಮಗಳಿಗೆ ಹುಟ್ಟುವಾಗಲೇ ಬ್ಲಾಕ್ ಇತ್ತು. ಈಗ ಏಳು ವರ್ಷ, ಎರಡನೇ ಪೆಟ್ಟಿಗೆ. ಅವಳು ಬೆಳೀತಾಳೆ, ವೈರ್ ಬೆಳೆಯೋದಿಲ್ಲ. ಮುಂದೆ ಇನ್ನೆಷ್ಟು ಸಲ ಆಪರೇಷನ್ನೋ. ನಮ್ಮಂಥವರಿಗೆ ಈ ಸಂಶೋಧನೆ ಬೇಕೇ ಬೇಕು ಅಕ್ಕ. ಆದರೂ ಹೋದ ವರ್ಷ ಬದಲಿಸಿ ಎಂದಾಗ ಒಂದು ವಾರವೂ ತಡ ಮಾಡಲಿಲ್ಲ.

ಮಲೆನಾಡಿನ ಮಗಳು:
ಇಬ್ಬರಿಗೂ ಥ್ಯಾಂಕ್ಸ್. ಅಪ್ಪನಿಗೆ ಓದಿ ಹೇಳಿದೆ. ಪುಟ್ಟಿಯ ವಿಷಯ ಕೇಳಿ ಸುಮ್ನೆ ಕೂತರು, ಆಮೇಲೆ "ಸೋಮವಾರ ಹೋಗೋಣ" ಅಂದರು. ರಕ್ತ ತೆಳುವಾಗುವ ಮಾತ್ರೆ ತಗೊಳ್ತಾರೆ, ಈಗಲೇ ನಿಲ್ಲಿಸಬೇಕಾ?

ಪೇಸಿಂಗ್ ಟೆಕ್ನಿಷಿಯನ್:
ನೀವಾಗಿ ನಿಲ್ಲಿಸಬೇಡಿ. ಮಾತ್ರೆಯ ಚೀಟಿ ತಗೊಂಡು ಹೋಗಿ, ಡಾಕ್ಟರ್ ಹೇಳಿದ ಹಾಗೆ ಮಾಡಿ. ಪೇಸ್‌ಮೇಕರ್ ಕಾರ್ಡ್ ಕೂಡ ಮರೆಯಬೇಡಿ.