ವೀಸಾ ಕಂಪನಿಯ ಷೇರನ್ನು ಭಾರತದಿಂದ ಕೊಳ್ಳುವಾಗ ಗಮನಿಸಬೇಕಾದುದೇನು?

ಪ್ರಶ್ನೆ:
ನಾನು ಹುಬ್ಬಳ್ಳಿಯ ನಿವೃತ್ತ ಉಪನ್ಯಾಸಕ. ನ್ಯೂಯಾರ್ಕ್ ಷೇರುಪೇಟೆಯಲ್ಲಿರುವ ವೀಸಾದಲ್ಲಿ ಮೂರು ಲಕ್ಷ ರೂಪಾಯಿ ತೊಡಗಿಸಬೇಕೆಂದಿದ್ದೇನೆ. ಜನರು ಕಾರ್ಡಿನ ಸಾಲ ತೀರಿಸದಿದ್ದರೆ ಕಂಪನಿಗೆ ನಷ್ಟವಾಗದೇ? ತೆರಿಗೆಯ ಕ್ರಮವೇನು? ತಿಳಿದವರು ದಯವಿಟ್ಟು ವಿವರಿಸಬೇಕು.

ಮೊದಲ ಉತ್ತರ:
ಸರ್, ವೀಸಾ ಸಾಲ ಕೊಡುವ ಸಂಸ್ಥೆಯಲ್ಲ. ಸಾಲ ಕೊಡುವುದೂ, ಅದು ಮುಳುಗಿದರೆ ನಷ್ಟ ಹೊರುವುದೂ ಕಾರ್ಡ್ ನೀಡಿದ ಬ್ಯಾಂಕು. ವೀಸಾ ಗ್ರಾಹಕನ ಬ್ಯಾಂಕಿಗೂ ಅಂಗಡಿಯವನ ಬ್ಯಾಂಕಿಗೂ ನಡುವಿನ ಜಾಲವನ್ನು ನಡೆಸಿ, ವಹಿವಾಟಿನ ಮೇಲೆ ಶುಲ್ಕ ಪಡೆಯುತ್ತದೆ. ಆದ್ದರಿಂದ ನನ್ನ ಮಟ್ಟಿಗೆ ನಿಜವಾದ ಅಪಾಯವಿರುವುದು ಆ ಶುಲ್ಕಕ್ಕೆ ಕಡಿವಾಣ ಹಾಕುವ ಕಾನೂನುಗಳಲ್ಲಿ ಮತ್ತು ನಮ್ಮ ಯುಪಿಐನಂತಹ ಪರ್ಯಾಯಗಳಲ್ಲಿ. ಡೆಬಿಟ್ ಕಾರ್ಡ್ ವ್ಯವಹಾರದಲ್ಲಿ ವೀಸಾದ ಮೇಲೆ ಏಕಸ್ವಾಮ್ಯದ ಆರೋಪ ಹೊರಿಸಿ ಅಮೆರಿಕದ ನ್ಯಾಯ ಇಲಾಖೆ 2024ರ ಸೆಪ್ಟೆಂಬರ್‌ನಲ್ಲಿ ಹೂಡಿದ ಮೊಕದ್ದಮೆಯನ್ನು ಅವಶ್ಯವಾಗಿ ಓದಿರಿ.

ಎರಡನೆಯ ಉತ್ತರ:
ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ (ಉದಾರೀಕೃತ ಹಣ ರವಾನೆ) ಯೋಜನೆಯಡಿ ಒಬ್ಬ ವ್ಯಕ್ತಿ ಹಣಕಾಸು ವರ್ಷಕ್ಕೆ 2,50,000 ಡಾಲರ್‌ವರೆಗೆ ವಿದೇಶಕ್ಕೆ ಕಳುಹಿಸಬಹುದು. ಲಾಭಾಂಶದಲ್ಲಿ ಅಮೆರಿಕವು ಶೇ. 25ರಷ್ಟು ತೆರಿಗೆ ಮುರಿದುಕೊಳ್ಳುತ್ತದೆ; ಅದನ್ನು ಇಲ್ಲಿನ ತೆರಿಗೆಯಲ್ಲಿ ಹೊಂದಿಸಿಕೊಳ್ಳಲು ಅವಕಾಶವಿದೆ. 24 ತಿಂಗಳ ನಂತರ ಮಾರಿದರೆ ಲಾಭದ ಮೇಲೆ ಶೇ. 12.5ರ ತೆರಿಗೆ. ಒಂದೇ ಷೇರಿದ್ದರೂ ಆದಾಯ ತೆರಿಗೆ ರಿಟರ್ನ್‌ನ ವಿದೇಶಿ ಆಸ್ತಿಗಳ ಭಾಗದಲ್ಲಿ ತೋರಿಸಲೇಬೇಕು. ನಾನು ಒಂದು ವರ್ಷ ಇದನ್ನು ಮರೆತು, ಪರಿಷ್ಕೃತ ರಿಟರ್ನ್ ಸಲ್ಲಿಸುವವರೆಗೂ ನೆಮ್ಮದಿಯಿಂದಿರಲಿಲ್ಲ.

ಮೂರನೆಯ ಉತ್ತರ:
ನಿವೃತ್ತಿಯ ಹಣವೆಂಬ ಕಾರಣಕ್ಕೆ ಒಂದು ಮಾತು ಸೇರಿಸುತ್ತೇನೆ. 2021ರಲ್ಲಿ 300 ಡಾಲರ್ ದಾಟಿದ್ದ, ಪಾವತಿ ಕ್ಷೇತ್ರದ ಇನ್ನೊಂದು ಅಮೆರಿಕನ್ ಕಂಪನಿಯಾದ ಪೇಪಾಲ್‌ನ ಷೇರು ಮರುವರ್ಷವೇ 100ಕ್ಕಿಂತ ಕೆಳಗಿಳಿಯಿತು. ಮೂರು ಲಕ್ಷವನ್ನು ಒಂದೇ ಕಂಪನಿಯಲ್ಲಿ ಇಡಬೇಡಿ.